ಸಾಹೇಬರ ಸಲಹಾ ಪೆಟ್ಟಿಗೆ

ಪೆಟ್ಟಿಗೆಗೆ ಹಾಕಿದ ಪ್ರತಿ ಚೀಟಿಯನ್ನೂ ಸಾಹೇಬರು ಓದುತ್ತಾರೆ ಎಂದು ಆಗ ಶಿಕಾರಿಪುರದ ನಮ್ಮ ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ಕಚೇರಿಗಳಲ್ಲಿ ಇಂಥ ನಂಬಿಕೆಗಳು ಹುಟ್ಟುತ್ತಲೇ ಇರುತ್ತವೆ. ನಾನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿ, ಬಿ.ಎ. ಮುಗಿಸಿ, ಈ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಓದಿದ್ದರಿಂದ ಏನೂ ರಿಯಾಯಿತಿ ಸಿಗಲಿಲ್ಲ. ನಾನೂ ನಂಬಿದ್ದೆ.

೧. ತರಬೇತಿ

ಐವತ್ತರ ದಶಕದ ಕೊನೆ. ಅಧಿಕಾರಿಗಳನ್ನು ನಾಯಕರನ್ನಾಗಿ ಮಾಡುವ ಶಿಬಿರಗಳು ಶುರುವಾಗಿದ್ದವು. ನಮ್ಮ ಸಾಹೇಬರು ಹದಿನೈದು ದಿನ ಹೋಗಿ ನಾಯಕರಾಗಿ ಬಂದರು. ಹೋಗುವ ಮೊದಲು ಯಾರಾದರೂ ಕಷ್ಟ ಹೇಳಿಕೊಂಡರೆ "ಪುರಸೊತ್ತಿಲ್ಲ, ನಡಿ" ಎಂದು ಗದರುತ್ತಿದ್ದರು. ಬಂದ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದರು: "ನೌಕರನ ಮನಸ್ಸಿನಲ್ಲಿರೋದು ಹೊರಗೆ ಬರಬೇಕು ಕಣ್ರೀ. ಒಂದು ಪೆಟ್ಟಿಗೆ ಇಡ್ತೀನಿ. ಹೆಸರು ಬೇಡ, ಭಯ ಬೇಡ. ಬರೆದು ಹಾಕಿ."

ಪೆಟ್ಟಿಗೆ ಮಾಡಿಸಲು ಕಚೇರಿಯ ದಫೇದಾರನನ್ನು ಸೊರಬಕ್ಕೆ, ಕೆತ್ತನೆಯ ಗುಡಿಗಾರನ ಹತ್ತಿರ, ಕಳಿಸಿದರು. ದಫೇದಾರ ಆ ಕಡೆಯವನೇ. ಸೊರಬದ ಪಕ್ಕದ ಹಳ್ಳಿಯಲ್ಲಿ ಅವನ ಹೆಂಡತಿ ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಸೊರಬಕ್ಕೆ ವರ್ಗ ಮಾಡಿಸಿ ಎಂದು ವರ್ಷದಿಂದ ಕೇಳುತ್ತಿದ್ದ. ಅಂದೂ ಕೇಳಿದ.

"ಪೆಟ್ಟಿಗೆ ಬರಲಿ, ಅದಕ್ಕೆ ಬರೆದು ಹಾಕು" ಎಂದರು ಸಾಹೇಬರು. "ಗುಡಿಗಾರನಿಗೆ ಸರಿಯಾಗಿ ಹೇಳು. ಭದ್ರವಾಗಿರಬೇಕು. ಯಾರಿಗೂ ತೆಗೆಯೋಕೆ ಆಗಬಾರದು."

ದಫೇದಾರ ಒಂದಕ್ಷರ ಬಿಡದೆ ಹೇಳಿದನಂತೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಮೈತುಂಬ ಬಳ್ಳಿ, ಎರಡು ಗಿಳಿ, ನೆತ್ತಿಯ ಮೇಲೆ ಚೀಟಿ ಹಾಕುವ ಸೀಳು. ಹೆಡ್ ಗುಮಾಸ್ತರು ಸುತ್ತ ಬಂದು ನೋಡಿದರು. "ಇದಕ್ಕೆ ದೂರು ಹಾಕೋದೋ, ಆರತಿ ಎತ್ತೋದೋ?"

ಸಾಹೇಬರು ಅದನ್ನು ತಮ್ಮ ಕೋಣೆಯ ಗೋಡೆಗೆ ಹೊಡೆಸಿದರು. ಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದು ಅಲ್ಲಾಡಿಸಿದರು. "ನನ್ನ ಹೊರತು ಯಾರೂ ಮುಟ್ಟಕೂಡದು. ಮುಟ್ಟಿದವನನ್ನು ಸಸ್ಪೆಂಡ್ ಮಾಡ್ತೀನಿ" ಎಂದರು, ನಗುತ್ತಾ. ನಗುವುದನ್ನೂ ಶಿಬಿರದಲ್ಲಿ ಕಲಿಸಿದ್ದರು.

೨. ಎಡಗೈ

ಹೆಸರು ಬೇಡ ಎಂದಿದ್ದರೂ ನಮ್ಮ ಅಕ್ಷರ ಸಾಹೇಬರಿಗೆ ಗೊತ್ತು. ಆ ತಿಂಗಳು ಕಚೇರಿಯೆಲ್ಲ ಎಡಗೈಯಲ್ಲಿ ಬರೆಯಿತು. ಹೆಡ್ ಗುಮಾಸ್ತರು ಮಾತ್ರ ಬಲಗೈಯಲ್ಲಿ, ದುಂಡಗೆ, ಸಾಹೇಬರನ್ನು ಹೊಗಳಿ ಬರೆದು, ಕೆಳಗೆ ರುಜು ಹಾಕಿ, ಸಾಹೇಬರು ಕೋಣೆಯಲ್ಲಿದ್ದಾಗಲೇ ಹೋಗಿ ಹಾಕಿ ಬಂದರು.

ಒಬ್ಬ ತನ್ನ ಕುರ್ಚಿಗೆ ಮೂರೇ ಕಾಲು ಎಂದು ಬರೆದಿದ್ದ. ಮೂರು ವಾರಕ್ಕೆ ಹೊಸ ಕುರ್ಚಿ ಬಂತು. "ನೋಡಿದ್ರಾ! ಓದ್ತಾರೆ!" ಎಂದು ಎಲ್ಲರೂ ಎದ್ದು ನಿಂತರು. ಆ ಕುರ್ಚಿಗೆ ಹಿಂದಿನ ವರ್ಷವೇ ಪತ್ರ ಹೋಗಿತ್ತು. ಬರೆದವನು ನಾನೇ. ಹಾಗೆಂದು ಹೇಳಿದೆ.

"ಕುರ್ಚಿ ಬಂದದ್ದಕ್ಕೂ ಹೊಟ್ಟೆಕಿಚ್ಚೇನ್ರೀ?" ಎಂದರು ಹೆಡ್ ಗುಮಾಸ್ತರು.

೩. ಮೂರು ಚೀಟಿ

ನಮ್ಮ ಟೈಪಿಸ್ಟ್ ಒಂದು ದಿನ ಸಿಟ್ಟಿಗೆದ್ದು ಬರೆದು ಹಾಕಿದ: "ಸಾಹೇಬರು ಉಡುತಡಿಗೆ ತನಿಖೆಗೆ ಹೋದಾಗಲೆಲ್ಲ ಜೀಪು ಹಲಸಿನಹಣ್ಣು ತುಂಬಿಕೊಂಡು ಬರುತ್ತದೆ."

ಮಾರನೆಯ ದಿನ ಸಾಹೇಬರು ಅವನನ್ನು ನೋಡಿ "ಆರೋಗ್ಯ ಹೇಗಿದೆಯಪ್ಪಾ?" ಎಂದರು. ಅವನಿಗೆ ಅಲ್ಲೇ ಜ್ವರ ಬಂತು. ಎರಡು ದಿನ ಮಲಗಿ ಎದ್ದುಬಂದು ಎರಡನೆಯ ಚೀಟಿ ಹಾಕಿದ: "ಹಲಸಿನಹಣ್ಣಿನ ಚೀಟಿ ಸುಳ್ಳು. ಬರೆದವನು ನಾನಲ್ಲ." ಹಾಕಿದ ಮೇಲೆ ಹೊಳೆಯಿತು, ಇದರಿಂದ ಬರೆದವನು ತಾನೇ ಎಂದು ಗೊತ್ತಾಗುತ್ತದೆ. ಮೂರನೆಯದು ಹಾಕಿದ: "ಎರಡನೆಯ ಚೀಟಿಯೂ ನನ್ನದಲ್ಲ." ಸಂಶಯ ಬಾರದಿರಲಿ ಎಂದು ಮೂರನ್ನೂ ಕಚೇರಿಯಲ್ಲಿದ್ದ ಒಂದೇ ಟೈಪ್‌ರೈಟರಿನಲ್ಲಿ ಹೊಡೆದಿದ್ದ.

೪. ದಫೇದಾರ

ದಫೇದಾರನಿಗೆ ಬರೆಯಲು ಬಾರದು. ಅವನ ಚೀಟಿಗಳನ್ನು ನಾನೇ ಬರೆದೆ. ಮೊದಲನೆಯದು ಇಡೀ ಪುಟ, ಹೆಂಡತಿಯ ಕಾಯಿಲೆಯ ವಿವರದ ಸಮೇತ. ಎರಡನೆಯದು ಅರ್ಧ ಪುಟ. ಮೂರನೆಯದರಲ್ಲಿ, ವರ್ಗ ಆಗದಿದ್ದರೆ ಒಂದು ತಿಂಗಳ ರಜೆಯಾದರೂ ಕೊಡಿ ಎಂದಿತ್ತು. ನಾಲ್ಕನೆಯದರಲ್ಲಿ ಒಂದು ವಾರ ಎಂದಿತ್ತು.

"ಎದುರಿಗೇ ಹೋಗಿ ಕೇಳಯ್ಯ" ಎಂದೆ.

"ಕೇಳಿದ್ರೆ ಪೆಟ್ಟಿಗೆ ತೋರಿಸ್ತಾರೆ ಸ್ವಾಮಿ."

ಒಂದು ದಿನ ಓಡಿಬಂದ. "ಕೆಲ್ಸ ಆತು ಸ್ವಾಮಿ! ಎರಡು ವರ್ಷದಿಂದ 'ಏಯ್' ಅಂತಿದ್ರು. ಇವತ್ತು ನನ್ನ ಹೆಸ್ರು ಕೇಳಿದ್ರು. ಚೀಟಿ ಓದ್ದೇ ಇದ್ರೆ ಹೆಸ್ರು ಯಾಕೆ ಕೇಳ್ತಿದ್ರು?"

ಹೆಸರು ಕೇಳಿದ್ದು ಅವನು ನೀರಿನ ಲೋಟ ಒಡೆದದ್ದಕ್ಕೆ ಮೆಮೊ ಕೊಡಲು. ಆ ಮೆಮೊವನ್ನೂ ನಾನೇ ಬರೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಸೊರಬದ ಬಸ್ಸಿನಲ್ಲಿ ಅವನ ಊರಿನವನೊಬ್ಬ ಬಂದ. ಹೆಂಡತಿ ಹಿಂದಿನ ದಿನ ತೀರಿಕೊಂಡಿದ್ದಳು. ಹೋಗಲು ರಜೆ ಬೇಕಲ್ಲ, ದಫೇದಾರ ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತ. ಸಾಹೇಬರು ತಲೆ ಎತ್ತದೆ ಗೋಡೆಯ ಕಡೆ ಬೆರಳು ತೋರಿಸಿದರು. ಅವನು ರಜೆ ಕೇಳದೆಯೇ ಊರಿಗೆ ಹೋದ. ಎರಡು ವಾರ ಕಳೆದು ತಲೆ ಬೋಳಿಸಿಕೊಂಡು ಬಂದವನು ನನ್ನ ಮೇಜಿನ ಹತ್ತಿರ ನಿಂತ.

"ಇನ್ನೊಂದು ಚೀಟಿ ಬರ್ದುಕೊಡಿ ಸ್ವಾಮಿ. ಸೊರಬಕ್ಕೆ ವರ್ಗ ಇನ್ನು ಬ್ಯಾಡ ಅಂತ."

"ಯಾಕಯ್ಯ?"

"ಸಾಹೇಬ್ರು ಮೇಲಿನೋರಿಗೆ ಬರ್ದಿರ್ತಾರೆ. ಅಲ್ಲಿಂದ ಏನೋ ಅಡ್ಡಿ ಬಂದಿರ್ಬೇಕು. ಇನ್ನೂ ಅದೇ ಹಿಡ್ಕೊಂಡು ಓಡಾಡ್ತಿದ್ರೆ ಅವ್ರಿಗೆ ಸುಮ್ನೆ ತೊಂದ್ರೆ ಅಲ್ದಾ?"

ಬರೆದುಕೊಟ್ಟೆ. ಹೋಗಿ ಹಾಕಿಬಂದ.

ಮರುವರ್ಷ ಸಾಹೇಬರಿಗೇ ವರ್ಗವಾಯಿತು, ಬಡ್ತಿಯ ಮೇಲೆ. ಚಾರ್ಜು ವಹಿಸಿಕೊಳ್ಳಲು ಬಂದ ಹೊಸಬರು ಪಟ್ಟಿ ಹಿಡಿದು ಒಂದೊಂದೇ ಸಾಮಾನು ಕೇಳುತ್ತಾ ಹೋದರು. ಮೇಜು ಎರಡು, ಬೀರು ಒಂದು, ಸಲಹಾ ಪೆಟ್ಟಿಗೆ ಒಂದು. "ಇದರ ಬೀಗದ ಕೈ?" ಎಂದರು.

ಸಾಹೇಬರು ಗೊಂಚಲು ತೆಗೆದು ಒಂದೊಂದೇ ಕೈ ನೋಡಿದರು. ಆಮೇಲೆ ಪೆಟ್ಟಿಗೆಯ ಹತ್ತಿರ ಹೋಗಿ ಬಳ್ಳಿಗಳ ನಡುವೆ ಬೆರಳಾಡಿಸಿದರು. "ಏಯ್, ಇದಕ್ಕೆ ಬೀಗ ಎಲ್ಲಿ ಹಾಕ್ಸಿದೀಯೋ?"

ದಫೇದಾರ ಸ್ಟೂಲು ಹತ್ತಿ, ಮೊಳೆ ಕಿತ್ತು, ಪೆಟ್ಟಿಗೆಯನ್ನು ಇಳಿಸಿ ಮೇಜಿನ ಮೇಲಿಟ್ಟ. ನಾಲ್ಕು ಪಕ್ಕ ತಿರುಗಿಸಿದ. ಬೋರಲು ಹಾಕಿ ತಳ ನೋಡಿದ. ಒಳಗೆ ಚೀಟಿಗಳು ಸರಸರ ಸರಿದವು.

ಪೆಟ್ಟಿಗೆಗೆ ಬಾಗಿಲೇ ಇರಲಿಲ್ಲ.