ಕಣ್ಣಲ್ಲೇ ಹೇಳಬೇಕಂತೆ

ಮಾತಿಲ್ಲದೆ ಪ್ರೀತಿ ತೋರಿಸಬೇಕು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇವರು ಬಾಯಿ ಕೊಟ್ಟಿದ್ದು ಬರೀ ರೊಟ್ಟಿ ಮುರಿದು ಹಾಕಿಕೊಳ್ಳಲಿಕ್ಕೇನು? ಮಾತು ಬೇಡವೆನ್ನುವ ಈ ಜನರಲ್ಲಿ ನನ್ನ ಹೆಂಡತಿಯ ಅಣ್ಣನ ಮಗ, ತಿಕೋಟಾದ ಬಸು, ಅಗ್ರಗಣ್ಯ. ವಯಸ್ಸಾದ ಗಂಡ ಹೆಂಡಿರ ಪ್ರೇಮದ ಮೇಲೆ ಕಿರುಚಿತ್ರ ತೆಗೆಯುತ್ತೇನೆಂದು ಜೋರಾಪುರ ಪೇಟೆಯ ನಮ್ಮ ಮನೆಗೆ ಕ್ಯಾಮೆರಾ ಸಮೇತ ಬಂದಿಳಿದ. ನಟರು ಸಿಗಲಿಲ್ಲವಂತೆ. ಹಾಗಾಗಿ ಗಂಡ ನಾನು, ಹೆಂಡತಿ ನನ್ನ ಹೆಂಡತಿ ಮಹಾದೇವಿ. ನನ್ನನ್ನು ಯಾರೂ ಕೇಳಲಿಲ್ಲ. ಮಹಾದೇವಿಯಂತೂ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಯ ದಿನಕ್ಕಿಂತ ಹೆಚ್ಚು ಉತ್ಸಾಹದಿಂದ ಓಡಾಡುತ್ತಿದ್ದಳು.

"ಮಾಮಾ, ಡೈಲಾಗ್ ಒಂದೂ ಇಲ್ರಿ. ಚಿತ್ರನ ಮಾತಾಡಬೇಕು. ಅತ್ತಿ ಚಾ ಕೊಡ್ತಾಳ, ನೀವು ಆಕಿ ಮಾರಿ ನೋಡ್ರಿ. ಅಷ್ಟ."

ಅಷ್ಟೇ ಅಂತೆ! ಕ್ಯಾಮೆರಾದ ಹಿಂದೆ ಹೊರಸಿನ ಮೇಲೆ ನಮ್ಮವ್ವ ಕೂತಿದ್ದಾಳೆ. ಹಿರಿಯರ ಮುಂದೆ ಗಂಡ ಹೆಂಡತಿ ಮುಖ ನೋಡಿಕೊಂಡು ಮಾತಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ನನಗೆ ಚಹಾ ಬೇಕಾದರೆ ಗೋಡೆ ನೋಡಿ "ಚಾ ಆಗೇತೇನು?" ಎನ್ನುತ್ತೇನೆ. ಆಕೆ ಒಲೆ ನೋಡಿ "ಆಗೇತ್ರಿ" ಎನ್ನುತ್ತಾಳೆ. ಸಂಸಾರ ಹೀಗೇ ಸುಸೂತ್ರವಾಗಿ ನಡೆದಿದೆ, ಮಕ್ಕಳೂ ಆಗಿವೆ. ಈಗ ಈ ಹುಡುಗನಿಗೆ ನೋಟ ಬೇಕು! ಅವನು "ನೋಡ್ರಿ" ಎಂದಾಗಲೆಲ್ಲ ನಾವಿಬ್ಬರೂ ತಟ್ಟನೆ ಅವ್ವನ ಕಡೆ ನೋಡುತ್ತಿದ್ದೆವು. ಚಹಾ ಆರಿತು, ಮತ್ತೆ ಕುದಿಯಿತು, ಮತ್ತೆ ಆರಿತು. ಮಹಾದೇವಿಯ ಮುಖ ಬಾಡುತ್ತ ಬಂತು. ಒಂದು ಸಲವಾದರೂ ನಾನು ನೋಡಲಿ ಎಂದು ಆಕೆಗೆ ಆಸೆಯಿತ್ತು. ಅದು ನನಗೂ ತಿಳಿಯುತ್ತಿತ್ತು. ತಿಳಿದಷ್ಟೂ ಬಸುವಿನ ಮೇಲೆ ಸಿಟ್ಟು ಏರುತ್ತಿತ್ತು.

ಕೊನೆಗೆ ಅವ್ವನಿಗೇ ತಾಳ್ಮೆ ತಪ್ಪಿತು. "ಲೇ, ಒಮ್ಮೆ ನೋಡೋ ಆಕಿನ್ನ! ನಾ ಮಾರಿಮ್ಯಾಲ ಸೆರಗು ಹಾಕ್ಕೋತೇನಿ" ಎಂದು ಸೆರಗೆಳೆದುಕೊಂಡಳು.

ನೋಡಿದೆ. ಚೆನ್ನಾಗಿಯೇ ನೋಡಿದೆ. ಪ್ರೀತಿ ಉಕ್ಕಿ ಬಂದು, ಬಸುವಿನ ಅಪ್ಪಣೆ ಮೀರಿ ಬಾಯಿಬಿಟ್ಟೆ. "ಮೂಗುತಿ ಭಾಳ ಚಲೋ ಐತಿ. ಯಾವಾಗ ತಗೊಂಡಿ?"

ಮಹಾದೇವಿ ಕಪ್ಪುಬಸಿ ಕೆಳಗಿಟ್ಟಳು. ಕಣ್ಣು ತುಂಬಿತು. "ಮದಿವ್ಯಾಗ ಅತ್ತಿಯಾರು ಹಾಕಿದ್ದರಿ ಇದು" ಎಂದಳು.

ಸೆರಗಿನೊಳಗಿಂದ ಅವ್ವ "ಯಪ್ಪಾ ಶಿವನ!" ಎಂದು ನರಳಿದಳು. ಬಸು ಮಾತ್ರ ಕುಣಿದಾಡಿದ. "ಇದ ನೋಡ್ರಿ ಮಾಮಾ ನಂಗ ಬೇಕಾಗಿದ್ದು!"

ನಾವು ಮಾತಾಡಿದ ಭಾಗ ಕತ್ತರಿಸಿ, ಆಕೆಯ ಕಣ್ಣೀರಿನ ಮೇಲೆ ಕೊಳಲು ಕೂರಿಸಿದ್ದಾನೆ. ಈಗ ಬಬಲೇಶ್ವರದ ಬೀಗರಿಂದ ಹಿಡಿದು ನಮ್ಮ ಓಣಿಯವರವರೆಗೆ ಎಲ್ಲರೂ ಮೊಬೈಲಿನಲ್ಲಿ ನೋಡಿ, "ಅಕ್ಕಾರದು ಏನ್ ಆ್ಯಕ್ಟಿಂಗ್ರಿ! ಕಣ್ಣಾಗ ಖರೇನ ನೀರು! ನೀವು ಮಾತ್ರ ಕಲ್ಲಿನಂಗ ಕುಂತೀರಿ" ಎನ್ನುತ್ತಾರೆ. ಎಂಥ ಅನ್ಯಾಯ! ಆ ಕಣ್ಣೀರು ತರಿಸಿದವನು ನಾನಲ್ಲವೇ? ಇದನ್ನೊಮ್ಮೆ ಎಲ್ಲರಿಗೂ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಮಹಾದೇವಿ, "ಹೇಳ್ರಲಾ, ಅವತ್ತ ಏನಂದ್ರಿ ಹೇಳ್ರಿ" ಎಂದು ನನ್ನನ್ನೇ ದಿಟ್ಟಿಸಿ ನೋಡುತ್ತಾಳೆ. ಅದೂ ಅವ್ವನ ಮುಂದೆಯೇ.