ಹರಿದದ್ದು ಹಗ್ಗವಲ್ಲ

“ಈ ಹಗ್ಗಾನೂ ಬಾಳಲ್ಲ, ಹಗ್ಗ ಮಾರಾಕೆ ಹೊಂಟೋಳೂ ಬಾಳಲ್ಲ” ಎಂದು ಮೊದಲ ದಿನವೇ ಹೇಳಿದವರು ನನ್ನ ಭಾವ, ನಮ್ಮ ಮನೆಯವರ ಅಣ್ಣ. ಹೊನ್ನಾಳಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸಂತೆಗಳಲ್ಲಿ ಮಾರಲು ದಾವಣಗೆರೆಯಿಂದ ತಂದ ಹಗ್ಗದ ಸುರುಳಿಗಳನ್ನು ನಾನು ಆಟೋದಿಂದ ಇಳಿಸುತ್ತಿದ್ದೆ, ಅವರು ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಅದು ಬೆಟ್ಟ ಹತ್ತುವವರ ನೈಲಾನ್ ಹಗ್ಗ. ಎಲ್ಲೋ ಮಾರಾಟವಾಗದೆ ಉಳಿದ ಮಾಲು, ಅದಕ್ಕೇ ಅಗ್ಗ. ಸುರುಳಿಗೆ ಅಂಟಿಸಿದ ಚೀಟಿಯಲ್ಲಿ ಟೋಪಿ ಹಾಕಿದ ಒಬ್ಬ ಗಂಡಸು ಬಂಡೆಗೆ ಹಲ್ಲಿಯಂತೆ ಅಂಟಿಕೊಂಡು ನಗುತ್ತಿದ್ದ.

ಭಾವ ಹೇಳಿದ್ದರಲ್ಲಿ ಒಂದಿಷ್ಟು ನ್ಯಾಯವಿತ್ತು. ನಮ್ಮ ಸೀಮೆಯ ಜನ ಬೆಟ್ಟ ಹತ್ತಬೇಕಾದರೆ ಮೇಲೆ ದೇವರಿರಬೇಕು, ಕೆಳಗಿನಿಂದ ಮೆಟ್ಟಿಲಿರಬೇಕು. ಎರಡೂ ಇದ್ದ ಮೇಲೆ ಹಗ್ಗ ಯಾರಿಗೆ ಬೇಕು? ಆದರೆ ತವರಿನಿಂದ ನಾನು ತಂದ ಆಸ್ತಿ ಹಟ ಒಂದೇ. ಶಾಲೆಗೆ ಹೋದವಳಲ್ಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಮಿರ್ಚಿ ಕಟ್ಟಿಕೊಟ್ಟ ಪೇಪರು ಇವನ್ನೇ ನೋಡಿ ನೋಡಿ ಓದು ಕಲಿತವಳು. ಓಣಿಯವರೆಲ್ಲ ಕೇಳುವಂತೆ ಹೇಳಿಬಿಟ್ಟೆ: “ಭಾವ, ನಾನು ಮಾರಿದ ಹಗ್ಗ ಎಲ್ಲಾದ್ರೂ ಒಂದು ಹರೀತು ಅಂದ್ರೆ ಅವತ್ತೇ ಸಂತೆ ಬಿಡ್ತೀನಿ. ಮಿಕ್ಕ ಹಗ್ಗಾನೆಲ್ಲ ನಿಮ್ಮ ಎಮ್ಮೆಗೆ ಕಟ್ಟಿಕೊಳ್ರಿ.”

ನಮ್ಮ ಮನೆಯವರು ಅಣ್ಣನೆದುರು ಬಾಯಿ ಬಿಡುವವರಲ್ಲ. ಒಂದು ಸಲ ಕೆಮ್ಮಿ ಅಕ್ಕಿ ಗಿರಣಿಯ ಕೆಲಸಕ್ಕೆ ಹೋದರು. ಭಾವನಿಗೆ ಮಾತ್ರ ಅಂದಿನಿಂದ ಒಂದು ಉದ್ಯೋಗ ಸಿಕ್ಕಿತು: ನನ್ನ ಹಗ್ಗ ಎಲ್ಲಿ ಹರಿಯಿತು ಎಂದು ವಿಚಾರಿಸುವುದು. ಸಂತೆಗೆ ಹೋದವರೆಲ್ಲ ಏನಾದರೂ ಒಂದು ಕಥೆ ತರುತ್ತಾರೆ. ಹಗ್ಗ ಮಾರುವವಳು ಮನೆಯಲ್ಲೇ ಕೂತರೂ ಕಥೆಗಳು ಬಾಗಿಲು ಹುಡುಕಿಕೊಂಡು ಬರುತ್ತವೆ.

ಬಂಪರು

ಸಂತೇಬೆನ್ನೂರಿನ ಸಂತೆಯಲ್ಲಿ ಹಗ್ಗ ಕೊಳ್ಳುವವರು ಅದನ್ನು ಸುಮ್ಮನೆ ಕೊಳ್ಳುವುದಿಲ್ಲ. ಒಬ್ಬ ಕಾಲಲ್ಲಿ ಮೆಟ್ಟಿ ಎಳೆಯುತ್ತಾನೆ, ಒಬ್ಬ ತುದಿಗೆ ಬೀಡಿಯ ಕಿಡಿ ಮುಟ್ಟಿಸಿ ಮೂಸುತ್ತಾನೆ, ಇನ್ನೊಬ್ಬ ಕಚ್ಚಿ ನೋಡಿ ಉಪ್ಪು ಕಮ್ಮಿ ಎನ್ನುವವನ ಹಾಗೆ ತಲೆಯಾಡಿಸುತ್ತಾನೆ. ಕೊನೆಗೆ ಎಲ್ಲರೂ ಕೇಳುವುದು ಒಂದೇ, ಇದು ಯಾವುದಕ್ಕೆ ಬರುತ್ತದೆ ಎಂದು. ಹತ್ತುವುದೊಂದು ಬಿಟ್ಟು ಎಲ್ಲದಕ್ಕೂ ಬರುತ್ತದೆ ಎಂದು ನಾನು ಹೇಳುತ್ತಿದ್ದೆ.

ಹೀಗೆ ಎಳೆದು, ಸುಟ್ಟು, ಕಚ್ಚಿ ಕೊಂಡುಹೋದ ಟೆಂಪೊದವನೊಬ್ಬ ಮುಂದಿನ ಸಂತೆಗೆ ಹೆಗಲ ಮೇಲೆ ತಗಡಿನಂಥದ್ದೇನನ್ನೋ ಹೊತ್ತುಕೊಂಡು ಬಂದ. ಹಗ್ಗ ಹರಿಯಿತೇನಪ್ಪ ಎಂದು ಕೇಳಿದೆ.

“ಹರಿದಿದ್ರೆ ನಾನ್ಯಾಕೆ ಬರ್ತಿದ್ದೆ?” ಎಂದು ಹೊತ್ತದ್ದನ್ನು ನನ್ನ ಮುಂದೆ ಹಾಕಿದ. ಅದು ಅವನ ಟೆಂಪೊದ ಬಂಪರು.

ಚನ್ನಗಿರಿ ದಾರಿಯಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ಕೆಸರಿನಲ್ಲಿ ಹೂತುಹೋಗಿತ್ತಂತೆ. ಇವನು ಉಪಕಾರ ಮಾಡಲು ಹೋಗಿ ಹಗ್ಗದ ಒಂದು ತುದಿಯನ್ನು ಅದಕ್ಕೆ, ಇನ್ನೊಂದನ್ನು ತನ್ನ ಹಿಂದಿನ ಬಂಪರಿಗೆ ಕಟ್ಟಿ ಗಾಡಿ ಎತ್ತಿದ್ದಾನೆ. ಟೆಂಪೊ ಸಲೀಸಾಗಿ ಮುಂದೆ ಹೋಯಿತಂತೆ. ಎಷ್ಟು ಹಗುರ ಬಂತಲ್ಲ ಎಂದು ಖುಷಿಯಿಂದ ತಿರುಗಿ ನೋಡಿದರೆ ಟ್ರ್ಯಾಕ್ಟರು ಹೂತಲ್ಲೇ ಇದೆ, ಬಂಪರು ಅದರ ಮುಂದೆ ಅಡ್ಡಬಿದ್ದು ನಮಸ್ಕಾರ ಹಾಕುತ್ತಿದೆ.

ಹಗ್ಗಕ್ಕೆ ಏನೂ ಆಗಿಲ್ಲವಲ್ಲ, ನನ್ನದೇನು ತಪ್ಪು ಎಂದೆ.

“ಅದೇ ತಪ್ಪು ಕಣಕ್ಕ. ಒಂಚೂರು ಕಳಪೆ ಹಗ್ಗ ಕೊಟ್ಟಿದ್ರೆ ನನ್ನ ಬಂಪರ್ ಉಳೀತಿತ್ತು.”

ಬಂಪರನ್ನು ಮತ್ತೆ ಗಾಡಿಗೆ ಬಿಗಿಯಲು ಅವನು ಅವತ್ತು ಕೊಂಡದ್ದೂ ಅದೇ ಹಗ್ಗ.

ನ್ಯಾಮತಿಯ ಬಿಸಿಲು

ನಮ್ಮ ಓಣಿಯ ತುದಿಯ ಮನೆಯ ದೊಡ್ಡಮ್ಮ ಬಟ್ಟೆ ಒಣಹಾಕಲು ನನ್ನ ಹಗ್ಗವನ್ನು ರಸ್ತೆಗೆ ಅಡ್ಡಲಾಗಿ ಕಟ್ಟಿಸಿದ್ದರು. ಈ ಕಡೆ ಅವರ ಕಿಟಕಿ, ಆ ಕಡೆ ಎದುರುಮನೆಯ ಗೋಡೆಯ ಕೊಕ್ಕೆ. ಒಂದು ಬೆಳಿಗ್ಗೆ ಎತ್ತರಕ್ಕೆ ಹುಲ್ಲು ಹೇರಿದ ಲಾರಿ ಆ ದಾರಿಯಲ್ಲಿ ಬಂತು. ಹಗ್ಗ ಹುಲ್ಲಿಗೆ ಸಿಕ್ಕಿಕೊಂಡಿತು, ಅತ್ತ ಕೊಕ್ಕೆ ಕಿತ್ತಿತು, ಇತ್ತ ಕಿಟಕಿಯ ಸರಳು ಕಿತ್ತಿತು. ದೊಡ್ಡಮ್ಮನ ಎರಡು ಸೀರೆ, ಅವರ ಯಜಮಾನರ ಪಟ್ಟಾಪಟ್ಟಿ ಚಡ್ಡಿ ಎಲ್ಲವೂ ಬಾವುಟದ ಹಾಗೆ ಹಾರಾಡುತ್ತ ಊರು ದಾಟಿದವು.

ನಾನು ಅವತ್ತು ನ್ಯಾಮತಿ ಸಂತೆಯಲ್ಲಿದ್ದೆ. ಲಾರಿ ಅಲ್ಲಿ ನಿಂತಾಗ ಜನ ಹಗ್ಗದ ಬಣ್ಣ ಗುರುತು ಹಿಡಿದು, ಇದು ಹಗ್ಗದ ಅಕ್ಕನದು ಎಂದು ಬಟ್ಟೆ ಸಮೇತ ನನಗೆ ತಂದೊಪ್ಪಿಸಿದರು. ಸಂಜೆಯ ಬಸ್ಸಿನಲ್ಲಿ ಎಲ್ಲರ ಕಣ್ಣೂ ನನ್ನ ಮಡಿಲಿನ ಪಟ್ಟಾಪಟ್ಟಿಯ ಮೇಲೆಯೇ. ಹೊನ್ನಾಳಿಯಲ್ಲಿ ಇಳಿದರೆ ಭಾವ ಬಸ್ ಸ್ಟ್ಯಾಂಡಿಗೇ ಬಂದಿದ್ದರು. ನನ್ನ ಮುಖ ನೋಡಲಿಲ್ಲ. ಹಗ್ಗವನ್ನು ಕೈಯಲ್ಲಿ ಹಿಡಿದು ತುದಿಯಿಂದ ತುದಿಯವರೆಗೆ ಸವರಿ ನೋಡಿ, ನನ್ನ ಕೈಗೇ ವಾಪಸು ಹಾಕಿ ಹೋದರು.

ದೊಡ್ಡಮ್ಮ ಸೀರೆ ಮೂಸಿ ನೋಡಿದರು. ಚೆನ್ನಾಗಿ ಒಣಗಿತ್ತು.

“ಅಷ್ಟು ದೂರದಿಂದ ತಂದೀಯ, ಮಡಚಿ ತರಾಕೆ ಏನಾಗಿತ್ತು?” ಎಂದರು.

ಬಿಳಿಚೋಡಿನ ಸುದ್ದಿ

ಜಗಳೂರು ಕಡೆಯ ಕುರಿಯವರು ನನ್ನ ದೊಡ್ಡ ಗಿರಾಕಿಗಳು. ಒಂದು ಸಲ ಭಾವನ ಕಿವಿಗೆ ಬಿಳಿಚೋಡಿನಿಂದ ಸುದ್ದಿ ಬಿತ್ತು: ಕುರಿಯವನೊಬ್ಬ ಟಗರನ್ನು ಮಂಚಕ್ಕೆ ಕಟ್ಟಿದ್ದನಂತೆ, ಟಗರು ಎಳೆಯಿತಂತೆ, ಮುಂದೆ ಏನೋ ಹರಿಯಿತಂತೆ ಅಥವಾ ಮುರಿಯಿತಂತೆ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು. ನನ್ನ ಸಂತೆ ಮುಗಿಯಿತೆಂದು ಅವರ ಮುಖದ ಕಳೆಯೇ ಹೇಳುತ್ತಿತ್ತು. ನಾನು ಇಡೀ ದಿನ ಊಟ ಸೇರದೆ ಕೂತೆ.

ಅಲ್ಲಿ ಆದದ್ದಿಷ್ಟು. ಮಂಚದ ಮೇಲೆ ಕುರಿಯವನ ಮಾವ ಮಲಗಿದ್ದರು. ಟಗರು ಮಂಚವನ್ನೂ ಮಾವನನ್ನೂ ಊರ ಬಾಗಿಲವರೆಗೆ ಎಳೆದುಕೊಂಡು ಹೋಗಿತ್ತು. ಮುರಿದದ್ದು ಮಂಚದ ಕಾಲು. ಮಾವನಿಗೆ ಎಚ್ಚರವಾದದ್ದು ಮಂಚ ನಿಂತ ಮೇಲೆ. ಬಸ್ಸಿನಲ್ಲಿ ಇದ್ದೀನಿ ಅಂದುಕೊಂಡಿದ್ದೆ ಎಂದರಂತೆ.

ಇದನ್ನೆಲ್ಲ ಹೇಳುತ್ತ ಹೇಳುತ್ತ ಕುರಿಯವನು ಭಾವನಿಗೆ ಮಜ್ಜಿಗೆ ಕೊಟ್ಟ, ರೊಟ್ಟಿ ಕೊಟ್ಟ, ಕೊನೆಗೆ ಒಂದು ಗಂಡು ಮರಿಯನ್ನೂ ವ್ಯಾಪಾರ ಮಾಡಿ ಕೊಟ್ಟ. ಸಂಜೆ ಭಾವ ಬಸ್ಸಿಳಿದಾಗ ಕೈಯಲ್ಲಿ ಮರಿ, ಮರಿಯ ಕೊರಳಲ್ಲಿ ನನ್ನ ಹಗ್ಗ.

ತಾರಸಿ

ನನ್ನ ಹಗ್ಗವನ್ನು ಭಾವ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅವತ್ತೇ ಅದನ್ನು ಬಿಚ್ಚಿ ನಮ್ಮ ಜಗಲಿಗೆ ಎಸೆದು, ಅಟ್ಟದಿಂದ ತಮ್ಮಪ್ಪನ ಕಾಲದ ಪುಂಡಿ ನಾರಿನ ಹಗ್ಗ ಇಳಿಸಿ ಮರಿಯನ್ನು ಕಟ್ಟಿದರು. ಮರಿ ಅವರ ಕೈತುತ್ತು ತಿಂದು ಬೆಳೆಯಿತು. ಕೊಂಬು ಸುರುಳಿ ಸುತ್ತಿತು. ಹಗ್ಗ ಮಾತ್ರ ಅದೇ.

ಭಾವನ ಮನೆಯ ತಾರಸಿಗೆ ಮೆಟ್ಟಿಲಿಲ್ಲ, ಬಿದಿರಿನ ಏಣಿ. ಒಂದು ಬೆಳಿಗ್ಗೆ ಅವರು ಮೇಲಿನ ನೀರಿನ ಟ್ಯಾಂಕಿನ ಪಾಚಿ ತೆಗೆಯಲು ಹತ್ತಿದ್ದರು. ಕೆಳಗೆ ನಾರಿನ ಹಗ್ಗ ಹರಿಯಿತು. ಬಿಡುಗಡೆಯಾದ ಟಗರು ಸುತ್ತ ನೋಡಿತು, ಗುದ್ದಲು ಏಣಿಗಿಂತ ಒಳ್ಳೆಯದು ಕಾಣಲಿಲ್ಲ. ಒಂದೇ ಗುದ್ದಿಗೆ ಏಣಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಎರಡಾಯಿತು. ಪಕ್ಕದ ನಮ್ಮದು ಹೆಂಚಿನ ಮಾಡು, ಕಾಲಿಟ್ಟರೆ ಸೀದಾ ಅಡುಗೆಮನೆಗೆ. ಓಣಿಯಲ್ಲಿದ್ದ ಇನ್ನೊಂದು ಏಣಿ ಯಾರದೋ ಮನೆಗೆ ಸುಣ್ಣ ಹೊಡೆಯಲು ಹೋಗಿತ್ತು.

ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ನನ್ನನ್ನು ಕೂಗಿದರು. ಸುರುಳಿ ಹೊತ್ತು ಹೋದೆ. ಓಣಿಯೆಲ್ಲ ಸೇರಿತ್ತು. ಭಾವ ಮೇಲಿನಿಂದ ಬಗ್ಗಿ ನೋಡಿ ಮೆಲ್ಲಗೆ ಕೇಳಿದರು: “ಬೇರೆ ಹಗ್ಗ ಇಲ್ಲೇನವ್ವ?”

“ಇತ್ತು ಭಾವ, ನಿಮ್ಮಪ್ಪಂದು. ಅರ್ಧ ಗೂಟದಾಗೈತೆ, ಅರ್ಧ ಟಗರಿನ ಕೊರಳಾಗೈತೆ.”

ಅವರು ಟ್ಯಾಂಕಿನ ನೆರಳಿಗೆ ಹೋಗಿ ಕೂತರು. ನಾವು ಕಾದೆವು. ಮಂಡಕ್ಕಿ ಬೇಕೆಂದರು, ಪುಟ್ಟಿಯಲ್ಲಿಟ್ಟು ಹಗ್ಗ ಎಸೆದೆವು, ಎಳೆದುಕೊಂಡರು. ನೀರೂ ಹಾಗೆಯೇ ಹೋಯಿತು, ಎಲೆಅಡಿಕೆಯೂ ಹೋಯಿತು. ಬಿಸಿಲು ನೆತ್ತಿಗೆ ಬಂದಾಗ ತಾರಸಿಯ ಅಂಚಿಗೆ ಬಂದು, ಆ ಚೀಟಿಯಲ್ಲಿ ಎಷ್ಟು ತೂಕ ತಡೆಯುತ್ತದೆ ಅಂತ ಬರೆದಿದೆ, ಓದು ಎಂದರು. ನಾನು ಓದಿದೆ. ನಿಮ್ಮಂಥ ಇಬ್ಬರನ್ನು ತಡೆಯುತ್ತದೆ ಎಂದೆ. ತಮ್ಮ ತೂಕ ಎಪ್ಪತ್ತು ಕೆಜಿ ಎಂದು ಭಾವ ನೆನಪಿಸಿದರು.

“ಅದು ಮದುವೆಯಾದಾಗ ಕಣ್ರೀ” ಎಂದರು ಅಕ್ಕ.

ಹಗ್ಗದ ಒಂದು ತುದಿಗೆ ಗೋಣಿಚೀಲವನ್ನು ಜೋಕಾಲಿಯ ಹಾಗೆ ಕಟ್ಟಿ ಮೇಲೆಸೆದೆ. ಹಗ್ಗವನ್ನು ಟ್ಯಾಂಕಿನ ಕಾಂಕ್ರೀಟ್ ಕಂಬದ ಹಿಂದಿನಿಂದ ಬಳಸಿ ಇನ್ನೊಂದು ತುದಿಯನ್ನು ಅವರು ಕೆಳಗೆ ಬಿಟ್ಟರು. ಅದನ್ನು ಕೊಟ್ಟಿಗೆಯ ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ ನಾನು ಹಿಡಿದೆ, ನನ್ನ ಹಿಂದೆ ಓಣಿಯ ಹೆಂಗಸರು ಹಿಡಿದರು. ಇವತ್ತು ಹರಿದರೆ ನನ್ನ ಸಂತೆಯೂ ಹೋಯಿತು, ಭಾವನ ಸೊಂಟವೂ ಹೋಯಿತು. ಭಾವ ಚೀಲದಲ್ಲಿ ಕೂತು, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಅಂಚಿನಿಂದ ಜಾರಿದರು. ನನ್ನ ಹಗ್ಗ ಹರಿಯಲಿ ಎಂದು ಇಷ್ಟು ವರ್ಷ ಕಾದ ಮನುಷ್ಯ, ಹರಿಯದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಹಗ್ಗ ಬಿಗಿಯಿತು, ಕಿರ್ರೆಂದಿತು, ನಿಂತಿತು. ಮೆಲ್ಲಗೆ ಬಿಡುತ್ತ ಬಂದೆವು. ಟಗರು ಸರಿಯಾಗಿ ಕೆಳಗೆ ಬಂದು ತಲೆಯೆತ್ತಿ ನಿಂತಿತು. ಅಕ್ಕ ಪೊರಕೆ ಬೀಸಿದರೂ ಕದಲಲಿಲ್ಲ. ಭಾವನ ಪಾದ ಅದರ ಕೊಂಬಿಗೆ ಎರಡು ಮೊಳ ಮೇಲಿದ್ದಾಗ ನಾನು ಹಗ್ಗ ಬಿಗಿಹಿಡಿದು ನಿಲ್ಲಿಸಿದೆ.

“ಭಾವ, ಹಗ್ಗ ಹೆಂಗೈತೆ?”

“ಗಟ್ಟಿ ಐತೆ.”

“ಹಿಂದೆ ನಿಂತೋರಿಗೆ ಕೇಳಿಸಲಿಲ್ಲಂತೆ.”

ಟಗರು ಒಂದು ಹೆಜ್ಜೆ ಹಿಂದೆ ಸರಿದು ಅಂದಾಜು ನೋಡಿತು. “ಗಟ್ಟಿ ಐತೆ, ಗಟ್ಟಿ ಐತೆ” ಎಂದು ಭಾವ ಕೂಗಿದ್ದು ತುಂಗಭದ್ರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಅಕ್ಕ ಟಗರಿನ ಮುಂದೆ ಮಂಡಕ್ಕಿ ಸುರಿದರು, ಅದು ಅತ್ತ ತಿರುಗಿತು, ನಾವು ಇತ್ತ ಇಳಿಸಿದೆವು. ಚೀಟಿಯ ಚಿತ್ರದಲ್ಲಿದ್ದಂತೆ ನನ್ನ ಹಗ್ಗವನ್ನು ಬಳಸಿದವರು ಇವತ್ತಿಗೂ ಅವರೊಬ್ಬರೇ. ಆ ಟೋಪಿಯವನ ಹಾಗೆ ನಗಲಿಲ್ಲ ಅಷ್ಟೇ.

ಈಗ ಹೊನ್ನಾಳಿ ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನನಗೊಂದು ಶೆಟರ್ ಇರುವ ಸ್ವಂತ ಅಂಗಡಿ ಇದೆ, ಬೋರ್ಡಿನ ಅಕ್ಷರ ನಾನೇ ಬರೆದದ್ದು. ಅದಕ್ಕೆ ತೆತ್ತದ್ದು ಇಷ್ಟು ವರ್ಷ ಹಗ್ಗ ಎಳೆದೂ ಅಳೆದೂ ಸವೆದ ಎರಡೂ ಅಂಗೈಯ ಚರ್ಮ. ಒಂದು ಟಗರೂ ಇದೆ. ತಾರಸಿಯಿಂದ ಇಳಿದ ಮಾರನೆಯ ಬೆಳಿಗ್ಗೆ ಭಾವ ಅದನ್ನು ತಂದು ನಮ್ಮ ಜಗಲಿಯ ಕಂಬಕ್ಕೆ ಕಟ್ಟಿ, ತಮ್ಮನ್ನು ಇಳಿಸಿದ ಹಗ್ಗವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದರು. ಟಗರಿಗೆ ನಾನು ಕೊಟ್ಟ ಬೆಲೆ ಅದೇ: ಒಂದು ತಾರಸಿಯಿಂದ ಇಳಿಯುವಷ್ಟು ಹಗ್ಗ.