ಭದ್ರವಾಗಿಟ್ಟ ಬಟ್ಟಲು

ಹಾವಿಗೆ ಹೆದರುವವರಿದ್ದಾರೆ, ಕಳ್ಳರಿಗೆ ಹೆದರುವವರಿದ್ದಾರೆ. ನಾನು ಹೆದರುವುದು ಭದ್ರವಾದ ಜಾಗಕ್ಕೆ. ಮೇಜಿನ ಮೇಲೆ ಬಿಸಾಕಿದ ವಸ್ತು ಎಂದೂ ಕಳೆಯುವುದಿಲ್ಲ. ದಿನಕ್ಕೆ ಹತ್ತು ಸಲ ಕೈಗೆ ತಾಗಿ ತಾನಿರುವುದನ್ನು ಹೇಳುತ್ತಿರುತ್ತದೆ. 'ಇದನ್ನು ಭದ್ರವಾಗಿಡಬೇಕು' ಎಂದು ಎದ್ದು ನಿಂತೆನೋ, ಅಲ್ಲಿಗೆ ಅದರ ನನ್ನ ಋಣ ತೀರಿತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡುವಾಗ ಸಾಕ್ಷಿ ಇಲ್ಲದೆ ಏನನ್ನೂ ನಂಬಬಾರದೆಂದು ಕಲಿತು ಬಂದವನು ನಾನು. ಮೊದಲು ಶಾಸನಗಳನ್ನು ಸಂಶಯಿಸಿದೆ, ಆಮೇಲೆ ದೇವರನ್ನು, ಕಡೆಗೆ ನನ್ನ ನೆನಪನ್ನು. ಮೊದಲಿನ ಎರಡಕ್ಕೆ ವಾದ ಬೇಕಾಯಿತು. ಮೂರನೆಯದಕ್ಕೆ ಸಾಕ್ಷಿಗಳು ಮನೆ ತುಂಬ ಬಿದ್ದಿದ್ದವು.

ಎಂಬತ್ತೇಳನೆಯ ಇಸವಿಯ ಬೇಸಿಗೆ ಇರಬೇಕು. ಎಂಬತ್ತೆಂಟು ಎನ್ನುತ್ತಾಳೆ ನನ್ನ ಹೆಂಡತಿ ಸುಶೀಲಾ. ಅವಳ ಮಾತೇ ನಿಜವಿರಬಹುದು. ರಾಯಬಾಗದ ನಮ್ಮ ಮನೆಯ ನಡುಮನೆಯನ್ನು ಆ ವರ್ಷ 'ಹಾಲ್' ಮಾಡಬೇಕೆಂದು ಅವಳು ಹಟ ಹಿಡಿದಿದ್ದಳು. ಹಳೆಯ ಗೋಡೆಯ ಮಾಡಗಳನ್ನು, ಅಂದರೆ ದೀಪ ಇಡುತ್ತಿದ್ದ ಗೂಡುಗಳನ್ನು, ಮುಚ್ಚಿ ನುಣ್ಣಗೆ ಗಿಲಾವು ಮಾಡಿಸಿ, ಪಿಸ್ತಾ ಬಣ್ಣದ ಡಿಸ್ಟೆಂಪರ್ ಬಳಿಸಿ, ಮುಂದೆ ಒಂದು ಶೋಕೇಸ್ ನಿಲ್ಲಿಸಬೇಕು. ಅದೇ ಬೇಸಿಗೆಯಲ್ಲಿ ನಮ್ಮ ಸಣ್ಣ ಚರ್ಚಿನವರೂ ಹಂಚು ಇಳಿಸಿ ಜಂತಿ ಬದಲಿಸಲು ತೊಡಗಿದರು. ಹೀಗಾಗಿ ಮಕ್ಕಳ ರಜಾ ಬೈಬಲ್ ಶಾಲೆ ನಮ್ಮ ಅಂಗಳದ ಬೇವಿನ ಮರದ ಕೆಳಗೆ ಬಂತು. ಬುಧವಾರದ ಪ್ರಾರ್ಥನಾ ಕೂಟ ನಮ್ಮ ಪಡಸಾಲೆಗೆ ಬಂತು. ಸುಶೀಲಾಳ ಮೂವರು ಅಕ್ಕಂದಿರು ಮಿರಜದಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದರು. ಹಾಸಿಗೆಗಳ ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಮಕ್ಕಳು. ಒಂದು ದಿನ ನಾನು ಕನ್ನಡಕಕ್ಕೆ ಹುಡುಕಾಡಿ, ಅದು ಗೋಡೆ ಕೆಲಸದ ಗೌಂಡಿಯ ಮೂಗಿನ ಮೇಲಿದ್ದುದನ್ನು ಕಂಡೆ. ಮಟ್ಟ ನೋಡಲು ಅನುಕೂಲವಾಗುತ್ತದೆಂದು ನಾನೇ ಕೊಟ್ಟಿದ್ದೆನಂತೆ.

ಈ ಗದ್ದಲದ ನಡುವೆ ನಮ್ಮ ಅಯ್ಯನವರು, ಎಂದರೆ ಚರ್ಚಿನ ಪಾದ್ರಿಗಳು, ಪವಿತ್ರ ಭೋಜನದ ಬೆಳ್ಳಿ ಬಟ್ಟಲನ್ನು ತಂದು ನನ್ನ ಕೈಗಿಟ್ಟರು. ಚರ್ಚಿಗೆ ಸೂರು ಇಲ್ಲ, ಕಪಾಟಿಗೆ ಕೀಲಿ ಇಲ್ಲ, ನೀವು ಸಭೆಯ ಕಾರ್ಯದರ್ಶಿ, ಜವಾಬ್ದಾರಿ ನಿಮ್ಮದು ಎಂದರು. ನನ್ನನ್ನು ಕಾರ್ಯದರ್ಶಿ ಮಾಡಿದ್ದು ಭಕ್ತಿಗಲ್ಲ, ಅಕ್ಷರ ದುಂಡಗಿವೆ ಎಂದು. ಇದ್ದದ್ದು ಒಂದೇ ಬಟ್ಟಲು, ಸಭೆಯ ಮೂರು ತಲೆಮಾರು ಭೋಜನದ ದ್ರಾಕ್ಷಾರಸವನ್ನು ಅದರಲ್ಲೇ ಕುಡಿದಿತ್ತು. ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿದೆ. ಸುತ್ತಿದ್ದು ಚೆನ್ನಾಗಿ ನೆನಪಿದೆ. ಆಮೇಲೆ ಭದ್ರವಾಗಿಟ್ಟೆ.

ಗೌಂಡಿ ದಸ್ತಗೀರ ಕುಡಚಿಯವನು. ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದ. ಎಡಗೋಡೆಯ ಮಾಡ ಮುಚ್ಚುವ ಮುಂಚಿನ ಸಂಜೆ ಕರಣಿ ತೊಳೆಯುತ್ತ, "ಸಾಹೇಬ್ರ, ಮಾಡ ಖಾಲಿ ಮುಚ್ಚಬಾರದ್ರಿ. ನಮ್ಮಪ್ಪ ಮುಚ್ಚತಿರಲಿಲ್ಲ. ಒಂದ ಹಿಡಿ ಕಾಳರ ಇಡ್ರಿ" ಎಂದ. ನಾನು ಬಿಡುತ್ತೇನೆಯೇ? ಇಟ್ಟಿಗೆಗೆ ಹಸಿವಾಗುವುದಿಲ್ಲವೆಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವನು ತಲೆಯಾಡಿಸಿದ. ಬಾಗಿಲ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನನ್ನ ಅವ್ವನೂ ತಲೆಯಾಡಿಸಿದಳು. ಒಟ್ಟಿಗೆ ಇಬ್ಬರು ಹಿರಿಯರ ಮೂಢನಂಬಿಕೆ ಬಿಡಿಸಿದೆನೆಂಬ ಹಿಗ್ಗಿನಲ್ಲಿ ಎದ್ದು ಹೋದೆ.

ಗಿಲಾವು ಒಣಗಿ ಬಣ್ಣ ಏರಿದ ಮೇಲೆ ಅಯ್ಯನವರು ಬಂದು, ಚರ್ಚಿಗೆ ಹಂಚು ಏರಿತು, ಬರುವ ಭಾನುವಾರ ಬೆಳಗಾವಿಯಿಂದ ದೊಡ್ಡ ಅಯ್ಯನವರು ಬರುತ್ತಾರೆ, ಏಳು ಜನ ಹುಡುಗ ಹುಡುಗಿಯರು ಮೊದಲ ಸಲ ಪವಿತ್ರ ಭೋಜನ ತೆಗೆದುಕೊಳ್ಳುತ್ತಾರೆ ಎಂದು ತಿಳಿಸಿದರು. ಚಹಾ ಮುಗಿಸಿ ಏಳುವಾಗ, "ಬಟ್ಟಲ ಭದ್ರ ಐತೆಲ್ರಿ ಸರ?" ಎಂದರು.

"ಭದ್ರ ಐತ್ರಿ" ಎಂದೆ.

ಸುಳ್ಳಲ್ಲ. ನನಗೂ ಸಿಗದಷ್ಟು ಭದ್ರವಾಗಿತ್ತು. ಟ್ರಂಕು ನೋಡಿದೆ, ಪುಸ್ತಕದ ಕಪಾಟು ನೋಡಿದೆ, ಮಿರಜದ ಅತ್ತಿಗೆಯರ ಚೀಲಗಳನ್ನು ಹೊರಗಿನಿಂದಲೇ ಒತ್ತಿ ನೋಡಿದೆ. ಮೂರನೆಯ ದಿನ ಕಾಲೇಜಿನ ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದವನು ಕೆಂಪು ಪೆನ್ನು ಕೆಳಗಿಟ್ಟೆ. ಎಡಗೋಡೆಯ ಮಾಡ. ಅಲ್ಲೇ ಇಟ್ಟಿದ್ದೆ. ಕೈ ಎತ್ತಿ ಒಳಗೆ ಸರಿಸಿದ್ದು ಕಣ್ಣಿಗೆ ಕಟ್ಟಿತು. ಮರುಗಳಿಗೆಯೇ ಅದೇ ಕೈ ಟ್ರಂಕಿನೊಳಗೆ ಹೋದದ್ದೂ ಅಷ್ಟೇ ಸ್ಪಷ್ಟವಾಗಿ ಕಟ್ಟಿತು. ದಸ್ತಗೀರನನ್ನು ಹಿತ್ತಲಿಗೆ ಕರೆದು, ಮಾಡದಲ್ಲಿ ಏನಾದರೂ ಇತ್ತೇ ಎಂದು ಹವಾಮಾನ ವಿಚಾರಿಸುವವನಂತೆ ಕೇಳಿದೆ.

"ಇತ್ತಲ್ರಿ. ಅರಿಬ್ಯಾಗ ಸುತ್ತಿದ ಗಂಟ ಇತ್ತು. ಬೈಕೋತ ಬೈಕೋತ ಆದ್ರೂ ಸಾಹೇಬ್ರು ನನ್ನ ಮಾತ ನಡಿಸ್ಯಾರ ಅಂತ ಖುಷಿಯಾತು. ಹಂಗ ಮುಚ್ಚಿಬಿಟ್ಟೆ."

ಭಕ್ತನೊಬ್ಬ ಬಟ್ಟಲು ಕಳೆದರೆ ಅದು ಮರೆವು. ನಾನು ಕಳೆದರೆ ನಾಸ್ತಿಕತೆ. 'ಧಾರವಾಡದಾಗ ಕಲತ ಬಂದವನ ಕೈಯಾಗ ಯಾಕ ಕೊಟ್ರಿ' ಎಂದು ಜನ ಅಯ್ಯನವರನ್ನೇ ಹಿಡಿಯುತ್ತಾರೆ. ಅವ್ವ ಐವತ್ತು ವರ್ಷ ಕೂತ ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಹೆಂಡತಿಗೆ ಹೇಳೋಣವೆಂದರೆ ಅವಳ ಅಕ್ಕಂದಿರಿದ್ದಾರೆ. ಸಂಜೆಯ ರೈಲಿಗೆ ಮೊದಲು ಸುದ್ದಿ ಮಿರಜ ಮುಟ್ಟುತ್ತದೆ. ಅಂಗಳದಲ್ಲಿ ಮಕ್ಕಳು ಚಪ್ಪಾಳೆ ತಟ್ಟಿ ಹಾಡಿದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಅಯ್ಯನವರ ಸೈಕಲ್ ಗಂಟೆ ಕೇಳಿದರಂತೂ ನಾನು ಬಚ್ಚಲಲ್ಲಿರುತ್ತಿದ್ದೆ. ಆ ವಾರ ನಾನಷ್ಟು ಶುಚಿಯಾಗಿ ಹಿಂದೆಂದೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಗೋಡೆಯಲ್ಲಿ ಡುಬ್ಬು ಬಂದಿದೆ, ಹಸಿ ಹಿಡಿದಿದೆ, ಒಡೆಯಲೇಬೇಕು ಎಂದು ಸಾರಿದೆ. ಸುಶೀಲಾ ಗೋಡೆಗೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿ ನೋಡಿದಳು. "ಡುಬ್ಬು ಗ್ವಾಡಿಗೆ ಬಂದಿಲ್ರಿ, ನಿಮ್ಮ ತಲಿಗೆ ಬಂದೈತಿ" ಎಂದಳು. ಅತ್ತಿಗೆಯರು ಮರಾಠಿಯಲ್ಲಿ ಏನೋ ಅಂದುಕೊಂಡು ನಕ್ಕರು. ದಸ್ತಗೀರ ಮಾತ್ರ ತಾನು ಮಾಡಿದ ಗಿಲಾವಿಗೆ ಡುಬ್ಬೆಂದರಲ್ಲ ಎಂಬ ನೋವಿನಲ್ಲಿ ಚಾಣ ಹಿಡಿದು ನಿಂತ. ಸುತ್ತಿಗೆ ಎತ್ತಿದ. ನಾನು ಕಣ್ಣು ಮುಚ್ಚಿದೆ.

ಪಿಸ್ತಾ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ನಾಲ್ಕು ಇಟ್ಟಿಗೆ ಬಂದ ಮೇಲೆ ಅವನು ಒಳಗೆ ಕೈ ಹಾಕಿ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟ. ಹಗುರಾಗಿತ್ತು. ಅಷ್ಟು ಹಗುರಾದ ಬೆಳ್ಳಿ ಲೋಕದಲ್ಲಿಲ್ಲ. ಬಿಚ್ಚಿದರೆ ಒಂದು ಹಿಡಿ ಜೋಳ.

"ಅಯ್ಯ, ಅದು ನಾ ಇಟ್ಟ ಜ್ವಾಳಪ್ಪಾ" ಎಂದಳು ಅವ್ವ, ಬಾಗಿಲ ಹತ್ತಿರದಿಂದ. "ನೀ ಭಾಷಣ ಮಾಡಿ ಹೋದ ಮ್ಯಾಲ ಇಟ್ಟೆ."

ಮರಳಿನ ಬುಟ್ಟಿಯ ಮೇಲೆ ಕುಸಿದು ಕೂತು, ಇನ್ನು ಮುಚ್ಚುಮರೆ ಯಾಕೆಂದು, "ಅವ್ವಾ, ಚರ್ಚಿನ ಬಟ್ಟಲ ಕಾಣವಲ್ದು" ಎಂದುಬಿಟ್ಟೆ. ಅವಳು ಅತ್ತಿಗೆಯರ ಕಡೆ ನೋಡಿದಳು, ಗೌಂಡಿಯ ಕಡೆ ನೋಡಿದಳು. "ಯಾವ ಬಟ್ಟಲ? ನನಗೇನ ಗೊತ್ತಿಲ್ಲ" ಎಂದು ಸೆರಗು ಹೊದ್ದುಕೊಂಡು ಎದ್ದು, ನನ್ನ ರಟ್ಟೆ ಹಿಡಿದು ಅಡಿಗೆ ಮನೆಗೆ ಎಳೆದುಕೊಂಡು ಹೋದಳು. ಜೋಳ ತುಂಬುವ ತಗಡಿನ ಕಣಗಿಯ ಮುಚ್ಚಳ ತೆಗೆದು ಮೊಣಕೈಯವರೆಗೆ ಕೈ ಇಳಿಸಿದಳು. ಟವೆಲು ಮೇಲೆ ಬಂತು.

"ನೀನ ತಂದ ಕೊಟ್ಟಿ. ಮನಿ ತುಂಬ ಮಂದಿ ಐತಿ, ಯಾರ ಕೇಳಿದ್ರೂ ಬಾಯಿ ಬಿಡಬ್ಯಾಡ ಅಂದಿ" ಎಂದು ಪಿಸುಗುಟ್ಟಿದಳು. "ಈಗ ನೋಡಿದ್ರ ನೀನ ಎಲ್ಲಾರ ಮುಂದ ಕೇಳ್ತಿಯಲ್ಲಲೇ."

ಮತ್ತೆ ಗೋಡೆ ಒಡೆಯುವಾಗ ನೀನು ಯಾಕೆ ಸುಮ್ಮನಿದ್ದೆ ಎಂದು ಅವಳನ್ನು ಕೇಳಿದೆ. ನೀನು ಬಟ್ಟಲಿನ ಮಾತೇ ಎತ್ತಲಿಲ್ಲ, ಡುಬ್ಬು ಅಂದೆ ಎಂದಳು. ಡುಬ್ಬಿನ ವಿಷಯ ನನಗೇನು ತಿಳಿಯುತ್ತದೆ, ನಾನು ಕಲಿತವಳಲ್ಲ ಎಂದಳು.

ಭಾನುವಾರ ಎಲ್ಲ ಸುರಳೀತ ನಡೆಯಿತು. ಬಟ್ಟಲನ್ನು ಒರೆಸಲು ತಿರುಗಿಸಿದಾಗ ಪೀಠದ ಸಂದಿಯಿಂದ ಒಂದು ಕಾಳು ಜೋಳ ಉದುರಿತು. ನಾನು ಅದರ ಮೇಲೆ ಕಾಲಿಟ್ಟು ನಿಂತೆ. ಏಳೂ ಮಕ್ಕಳು ಕುಡಿದು ಬಾಯಿ ಒರೆಸಿಕೊಂಡರು. ಎಲ್ಲ ಮುಗಿದ ಮೇಲೆ ಅಯ್ಯನವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣುಗಳು ತೇವವಾಗಿದ್ದವು.

"ಸರ, ಗ್ವಾಡಿ ಒಡೆಯೂ ಮುಂದ ಕಣ್ಣ ಮುಚ್ಚಿ ಪ್ರಾರ್ಥನಾ ಮಾಡಿದ್ರಂತಲ್ರಿ? ಅವ್ವಾರು ಹೇಳಿದ್ರು. ಗೌಂಡಿನೂ ಹೇಳಿದಾ."

ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿ. ಎರಡು ಬೇರೆ ಧರ್ಮ, ಒಂದೇ ಹೇಳಿಕೆ. ತರಗತಿಯಲ್ಲಾಗಿದ್ದರೆ ಇದಕ್ಕಿಂತ ಗಟ್ಟಿ ಆಧಾರ ಸಿಗುವುದಿಲ್ಲವೆಂದು ನಾನೇ ಹೇಳುತ್ತಿದ್ದೆ. "ನನಗ ನೆನಪಿಲ್ರಿ" ಎಂದೆ. ಬದುಕಿನಲ್ಲಿ ಅದೊಂದು ಸಲ ನನ್ನ ಮರೆವನ್ನು ಯಾರೂ ನಂಬಲಿಲ್ಲ.